ವರ್ಷಗಟ್ಟಲೆ ರಕ್ತ ಕೊಟ್ಟರೆ ಮೈ ಸೋಲುವುದಿಲ್ಲವೇ?

ನೀವು ಕೇಳಿದ್ದು ಎರಡು. ವರ್ಷಗಟ್ಟಲೆ ರಕ್ತ ಕೊಡುತ್ತಾ ಬಂದರೆ ನಿಶ್ಶಕ್ತಿ ಬರುತ್ತದಾ? ಸೂಜಿಯ ಭಯ ಹೋಗುತ್ತದಾ? ನಾನು ಹತ್ತೊಂಬತ್ತು ವರ್ಷದಿಂದ ಕೊಡುತ್ತಿದ್ದೇನೆ. ಸೂಜಿಯ ಮಾತು ಮೊದಲು ಮುಗಿಸಿಬಿಡುತ್ತೇನೆ. ಭಯ ಹೋಗಿಲ್ಲ. ಈಗಲೂ ಚುಚ್ಚುವಾಗ ಗೋಡೆ ಕಡೆ ಮುಖ ತಿರುಗಿಸುತ್ತೇನೆ.

ನಿಶ್ಶಕ್ತಿಯ ಕಥೆ ಸ್ವಲ್ಪ ಉದ್ದ. ಒಂದು ಸಲಕ್ಕೆ ತೆಗೆಯುವುದು 350 ಇಲ್ಲವೇ 450 ಮಿಲಿಲೀಟರ್. ಅದರ ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಕೆಂಪು ಕಣಗಳಿಗೆ ಕೆಲವು ವಾರ ಬೇಕು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಕಬ್ಬಿಣದ ವಿಷಯ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. 450 ಮಿಲಿಲೀಟರ್ ರಕ್ತದ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಊಟದಿಂದ ದಿನಕ್ಕೆ ಮೈಗೆ ಸೇರುವುದು ಒಂದೆರಡು ಮಿಲಿಗ್ರಾಂ ಅಷ್ಟೇ. ನೀವೇ ಲೆಕ್ಕ ಹಾಕಿ, ತಿಂಗಳುಗಟ್ಟಲೆ ಆಯಿತು ಅಲ್ವಾ?

ನನಗೆ ಇದು ತಿಳಿದಿದ್ದು ಪೆಟ್ಟು ತಿಂದ ಮೇಲೆ. ಆಗ ಮೂರು ತಿಂಗಳು ತುಂಬಿದ ದಿನವೇ ಹೋಗಿ ನಿಲ್ಲುತ್ತಿದ್ದೆ. ಎಷ್ಟನೇ ಸಲ ಅನ್ನುವ ಲೆಕ್ಕದ ಹುಚ್ಚು. 31ನೇ ಸಲ ಹೋದಾಗ ಬೆರಳು ಚುಚ್ಚಿ ನೋಡಿದವರು, "ಈ ಸಲ ಬೇಡ, ಹಿಮೋಗ್ಲೋಬಿನ್ 11.8 ಇದೆ" ಎಂದರು. 12.5 ಆದರೂ ಇರಬೇಕಿತ್ತು. ಸುಮ್ನೆ ಎದ್ದು ಬಂದೆ. ಮನೆಯಲ್ಲಿ "ಕೊಟ್ಟು ಬಂದೆ" ಅಂತ ಸುಳ್ಳು ಹೇಳಿದೆ. ಯಾಕೆ ಹಾಗೆ ಹೇಳಿದೆನೋ, ನಾಚಿಕೆ ಆಗಿತ್ತು ಅನ್ನಿಸುತ್ತೆ.

ಅದಕ್ಕೂ ಎಷ್ಟೋ ತಿಂಗಳ ಮೊದಲೇ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ವಯಸ್ಸಾಯಿತು ಅಂದುಕೊಂಡಿದ್ದೆ. ಡಾಕ್ಟರ್ ಫೆರಿಟಿನ್ ಪರೀಕ್ಷೆ ಮಾಡಿಸಿದರು. ಅದು ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ನನ್ನದು ತಳ ಕಂಡಿತ್ತು. ಮೊದಲು ಖಾಲಿಯಾಗುವುದು ಈ ಉಗ್ರಾಣ, ಹಿಮೋಗ್ಲೋಬಿನ್ ಇಳಿಯುವುದು ಕೊನೆಗೆ. ಹಾಗಾಗಿ ಬೆರಳು ಚುಚ್ಚಿ ನೋಡಿ "ಸರಿಯಿದೆ" ಅಂದರೂ ಒಳಗೆ ಸರಿಯಿರಬೇಕು ಅಂತಿಲ್ಲ. ಡಾಕ್ಟರ್ ಕೊಟ್ಟ ಮಾತ್ರೆ ಆರು ತಿಂಗಳು ನುಂಗಿದೆ. ಈಗ ಕೊಡುವುದು ವರ್ಷಕ್ಕೆ ಎರಡು ಸಲ, ಒಂದು ಸಲ ಫೆರಿಟಿನ್ ನೋಡಿಸುತ್ತೇನೆ. ಏದುಸಿರು ಮತ್ತೆ ಬಂದಿಲ್ಲ.

ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ 1,173 ಸಲ ಕೊಟ್ಟರಲ್ಲ ಅಂತ ಯಾರಾದರೂ ನಿಮಗೆ ಹೇಳಬಹುದು. ನಿಜ. ಆದರೆ ಅವರು ಬಹುಪಾಲು ಕೊಟ್ಟಿದ್ದು ಪ್ಲಾಸ್ಮಾ, ಅಂದರೆ ರಕ್ತದ ನೀರಿನಂಥ ಭಾಗ. ಅದನ್ನು ಯಂತ್ರದಲ್ಲಿ ಬೇರೆ ಮಾಡಿಕೊಂಡು ಕೆಂಪು ಕಣಗಳನ್ನು ತಿರುಗಿ ನಮ್ಮ ಮೈಗೇ ಬಿಡುತ್ತಾರೆ, ಕಬ್ಬಿಣ ಅಷ್ಟಾಗಿ ಹೋಗುವುದಿಲ್ಲ. ನಿಮಗೂ ಜಾಸ್ತಿ ಸಲ ಕೊಡುವ ಆಸೆ ಇದ್ದರೆ ಪ್ಲಾಸ್ಮಾ, ಇಲ್ಲವೇ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಬಗ್ಗೆ ಕೇಳಿ ನೋಡಿ. ಯಂತ್ರದ ಪಕ್ಕ ತುಂಬಾ ಹೊತ್ತು ಮಲಗಬೇಕು, ಬಾತ್‌ರೂಮಿಗೆ ಮೊದಲೇ ಹೋಗಿಬನ್ನಿ. ತುಟಿ ಜುಮ್ಮೆಂದರೆ ತಕ್ಷಣ ಹೇಳಿ, ವೇಗ ಇಳಿಸುತ್ತಾರೆ.

ಅಂದಹಾಗೆ, ಕಳೆದ ಸಲದ್ದು ನನ್ನ ಲೆಕ್ಕದಲ್ಲಿ 50. ಮನೆಯವರ ಲೆಕ್ಕದಲ್ಲಿ 51.