ಜರ್ಮನಿಗೆ ಓ ಪೇರ್ ಆಗಿ ಬಂದು ಮೂರು ವಾರ, ದಿನಾ ರಾತ್ರಿ ಅಳು. ವಾಪಸ್ ಬಂದುಬಿಡಲಾ?

ಮಂಡ್ಯದವರು ಅಂತ ನೋಡಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ನಾನು ಪಾಂಡವಪುರ ತಾಲ್ಲೂಕಿನವಳು, ಈಗ ಮೈಸೂರಲ್ಲಿ, ಕುವೆಂಪುನಗರದಲ್ಲಿದ್ದೀನಿ. 2022ರ ಆಗಸ್ಟಿನಿಂದ ಒಂದು ವರ್ಷ ಹ್ಯಾನೋವರ್ ಹತ್ತಿರದ ಸಣ್ಣ ಊರೊಂದರಲ್ಲಿ ಓ ಪೇರ್ ಆಗಿದ್ದೆ, ಅಂದರೆ ಒಂದು ಮನೆಯವರ ಜೊತೆಯಲ್ಲೇ ಇದ್ದು, ಅವರ ಮಕ್ಕಳನ್ನ ನೋಡಿಕೊಳ್ತಾ ಭಾಷೆ ಕಲಿಯೋದು. ಎರಡು ಮಕ್ಕಳು: ನಾಲ್ಕು ವರ್ಷದ ಹುಡುಗ, ಏಳು ವರ್ಷದ ಹುಡುಗಿ. "ಮನೆಯವರು ಒಳ್ಳೆಯವರೇ, ಬೈಯಲ್ಲ, ಆದರೆ ಎಷ್ಟು ಕೆಲಸ ಮಾಡಿದರೂ ಅವರಿಗೆ ಸಮಾಧಾನ ಇಲ್ಲವೇನೋ ಅನ್ನಿಸುತ್ತೆ, ಅಮ್ಮ ಬಂದ್ಬಿಡು ಅಂತಿದ್ದಾರೆ" ಅಂತ ಬರೆದಿದ್ದೀರಿ. ನನ್ನ ಮೊದಲ ಎರಡು ತಿಂಗಳ ಕಥೆಯೂ ಇದೇ.

"ಎಷ್ಟು ಕೆಲಸ ಮಾಡಿದರೂ" ಅಂದಿರಲ್ಲ, ಗಂಟು ಇರೋದು ಅಲ್ಲೇ.

ನಮ್ಮ ಕಡೆ ಹೆಣ್ಣುಮಗಳು ನೆಂಟರ ಮನೆಯಲ್ಲಿ ನಾಲ್ಕು ದಿನ ಇದ್ದರೂ ಯಾರೂ ಹೇಳದೆ ಪೊರಕೆ ಹಿಡೀತಾಳೆ, ಸೊಪ್ಪು ಬಿಡಿಸ್ತಾಳೆ. ಇಲ್ಲದಿದ್ದರೆ "ಕೂತ ಕಡೆ ತಿಂದ್ಲು" ಅನ್ನೋ ಮಾತು ಅವಳಿಗಿಂತ ಮುಂಚೆ ಊರು ಸೇರುತ್ತೆ. ನಾನೂ ಅದನ್ನೇ ಮಾಡಿದೆ. ಹೋದ ಮೊದಲ ಭಾನುವಾರ ಎಲ್ಲರೂ ಮಲಗಿರುವಾಗಲೇ ಎದ್ದು ಪಾತ್ರೆ ತೊಳೆದು, ಒಲೆ ಉಜ್ಜಿ, ಚಪಾತಿ ಲಟ್ಟಿಸ್ತಾ ನಿಂತಿದ್ದೆ. ಆ ಮನೆಯ ಅಮ್ಮ ಕೆಳಗಿಳಿದು ಬಂದು ನೋಡಿದವರ ಮುಖ ಸಪ್ಪಗಾಯಿತು. "ಇವತ್ತು ನಿನಗೆ ರಜೆ ಅಲ್ಲವಾ?" ಅಂದರು, ಅಷ್ಟೇ. ಏನೋ ತಪ್ಪಾಯಿತು ಅಂದುಕೊಂಡು ಮಾರನೇ ದಿನ ಇನ್ನೂ ಜಾಸ್ತಿ ಕೆಲಸ ಮಾಡಿದೆ. ಅವರ ಮುಖ ಇನ್ನೂ ಸಪ್ಪಗಾಯಿತು. ಒಂದು ತಿಂಗಳು ಹೀಗೇ ನಡೆದ ಮೇಲೆ ಒಂದು ಸಂಜೆ ಎದುರಿಗೆ ಕೂರಿಸಿಕೊಂಡು ಹೇಳಿದರು: ನೀನು ಹೀಗೆ ಮಾಡಿದರೆ ನಿನ್ನನ್ನು ಆಳಾಗಿ ಇಟ್ಟುಕೊಂಡ ಹಾಗೆ ಅನ್ನಿಸಿ ನಮಗೆ ನಾಚಿಕೆಯಾಗುತ್ತೆ. ನಾನು ಅದನ್ನ ಸಿಟ್ಟು ಅಂದುಕೊಂಡಿದ್ದೆ ನೋಡಿ. ಓ ಪೇರ್ ಅಂದರೆ ಫ್ರೆಂಚಿನಲ್ಲಿ ಸರಿಸಮ ಅಂತ ಅರ್ಥ. ಅವರಿಗೆ ಅದು ಬರೀ ಹೆಸರಲ್ಲ.

ಇನ್ನೊಂದು, ನೀವು ಬಾಯಿ ಬಿಡದಿದ್ದರೆ ಎಲ್ಲ ಚೆನ್ನಾಗಿದೆ ಅಂತಲೇ ಅವರು ತಿಳಿಯೋದು. ನಮ್ಮಮ್ಮ ನಾನು ಬಾಗಿಲಲ್ಲಿ ಚಪ್ಪಲಿ ಬಿಡೋ ಸದ್ದಲ್ಲೇ "ಏನಾಯ್ತು ಮಗ?" ಅಂತಾಳೆ. ಅಲ್ಲಿ ದಿನಾ ಬೆಳಿಗ್ಗೆ "ಎಲ್ಲ ಸರಿ ಇದೆಯಾ?" ಅಂತ ಕೇಳೋರು, ನಾನು ತಲೆ ಆಡಿಸ್ತಿದ್ದೆ. ಅಕ್ಟೋಬರಲ್ಲಿ ಎರಡು ವಾರ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ನಡುಗ್ತಾ ಮಲಗಿದ್ದೀನಿ. ಯಾಕೆ ಗೊತ್ತಾ? ಹೀಟರಿನ ಗುಂಡಿ ಯಾವ ಕಡೆ ತಿರುಗಿಸಬೇಕು ಅಂತ ಕೇಳೋಕೆ ಸಂಕೋಚ. ಈಗ ನಗು ಬರುತ್ತೆ. ಅಮ್ಮ ಬಡಿಸುವಾಗ ಎರಡು ಸಲ ಬೇಡ ಅಂದು ಮೂರನೇ ಸಲ ಹಾಕಿಸಿಕೊಳ್ಳೋ ಮರ್ಯಾದೆಯೂ ಅಲ್ಲಿ ನಡೆಯಲ್ಲ. ಮೊದಲ "ಬೇಡ"ಕ್ಕೇ ಪಾತ್ರೆ ಆ ಕಡೆ ಹೋಗುತ್ತೆ.

ಅದಕ್ಕೆ ಈ ವಾರವೇ ಒಂದು ಸಂಜೆ ಮಕ್ಕಳು ಮಲಗಿದ ಮೇಲೆ ಅವರನ್ನು ಕೂರಿಸಿಕೊಂಡು ನೇರವಾಗಿ ಕೇಳಿ: ನನ್ನ ಕೆಲಸ ಯಾವುದು, ಯಾವುದಲ್ಲ? ಭಾಷೆ ಬರದಿದ್ದರೆ ಬರೆದುಕೊಂಡು ಹೋಗಿ. ಓ ಪೇರ್ ನಿಯಮ ಇಷ್ಟು: ಕೆಲಸ ಹೆಚ್ಚೆಂದರೆ ವಾರಕ್ಕೆ 30 ಗಂಟೆ, ಸಾಮಾನ್ಯವಾಗಿ ದಿನಕ್ಕೆ 6 ಗಂಟೆಗಿಂತ ಹೆಚ್ಚಿಲ್ಲ, ವಾರಕ್ಕೆ ಒಂದೂವರೆ ದಿನ ರಜೆ, ವರ್ಷಕ್ಕೆ ನಾಲ್ಕು ವಾರ. ನಾನಿದ್ದಾಗ ಕೈಖರ್ಚಿಗೆ ತಿಂಗಳಿಗೆ 280 ಯೂರೊ, ಭಾಷೆಯ ಕ್ಲಾಸಿಗೆ 70 ಯೂರೊ ಬೇರೆ. ಇನ್ಶೂರೆನ್ಸ್ ಮನೆಯವರೇ ಕಟ್ಟಬೇಕು. ರಾತ್ರಿ ಅವರು ಹೊರಗೆ ಹೋದಾಗ ಮಕ್ಕಳನ್ನ ನೋಡಿಕೊಂಡರೆ ಅದೂ 30ರ ಲೆಕ್ಕಕ್ಕೇ ಬರುತ್ತೆ. ಇದನ್ನ ಯಾಕೆ ಒತ್ತಿ ಹೇಳ್ತಿದ್ದೀನಿ ಅಂದರೆ, ನನ್ನ ಕ್ಲಾಸಲ್ಲಿದ್ದ ಒಬ್ಬಳನ್ನ ಪ್ರತಿ ಶನಿವಾರ ರಾತ್ರಿ ಹಾಗೆ ಕೂರಿಸ್ತಿದ್ದರು, ಲೆಕ್ಕಕ್ಕಿಲ್ಲ. ಅವಳು ತಿಂಗಳು ಪೂರ್ತಿ ಗಂಟೆಗಳನ್ನ ಕ್ಯಾಲೆಂಡರಲ್ಲಿ ಗುರುತು ಹಾಕಿ ತೋರಿಸಿದಳು, ಆಗಲೂ ಸರಿಹೋಗದೆ ಮನೆ ಬದಲಾಯಿಸಿದಳು. ಬದಲಾಯಿಸಬಹುದು, ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಎರಡು ವಾರದ ನೋಟಿಸ್ ಅಂತ ಇರುತ್ತೆ. ವೀಸಾ ಕಚೇರಿಗೂ ತಿಳಿಸಬೇಕು. ನಿಮ್ಮದು ಆ ಥರದ ಕಷ್ಟವಾಗಿದ್ದರೆ ಒಂದು ದಿನವೂ ಅಳ್ತಾ ಕೂರಬೇಡಿ. ಬರೀ ಊರಿನ ನೆನಪಿನ ಅಳುವಾದರೆ, ಅದಕ್ಕೋಸ್ಕರ ಟಿಕೆಟ್ ಮಾಡಿಸಬೇಡಿ ಅಂತ ನನ್ನ ಅಭಿಪ್ರಾಯ.

ಭಾಷೆಗೆ ಮಕ್ಕಳನ್ನೇ ಹಿಡೀರಿ. ನಾನು ಒಂದನ್ನ ಹತ್ತು ಸಲ ತಪ್ಪು ಹೇಳಿದರೂ ಆ ಹುಡುಗ ಹನ್ನೊಂದನೇ ಸಲ ಬೇಜಾರಿಲ್ಲದೆ ತಿದ್ದುತ್ತಿದ್ದ. ಅದರಲ್ಲೂ ಒಂದು ಹಳ್ಳ ಇದೆ: ಮಕ್ಕಳ ಜೊತೆ ಎಲ್ಲ "ನೀನು". ಅದೇ ರೂಢಿಯಲ್ಲಿ ವಿಳಾಸ ನೋಂದಾಯಿಸೋ ಕಚೇರಿಯಲ್ಲಿ, ಬಿಳಿ ಗಡ್ಡದ ಅಧಿಕಾರಿಗೆ "ನೀನು ಇದಕ್ಕೆ ಸೀಲ್ ಹಾಕು" ಅಂದುಬಿಟ್ಟೆ. ಪಾಪ, ಹಾಕಿದರು.

ಅಮ್ಮನ ವಿಷಯ. ನೀವು ಕೆಲಸ ಮುಗಿಸಿ ರಾತ್ರಿ 9ಕ್ಕೆ ಫೋನ್ ಮಾಡಿದರೆ ಮಂಡ್ಯದಲ್ಲಿ ಹನ್ನೆರಡೂವರೆ. ಅಕ್ಟೋಬರ್ ಕೊನೇ ಭಾನುವಾರ ಅವರು ಗಡಿಯಾರ ಹಿಂದಕ್ಕಿಟ್ಟ ಮೇಲೆ ಒಂದೂವರೆ. ಆ ಹೊತ್ತಲ್ಲಿ ಅತ್ತ ಮಗಳ ದನಿ ಕೇಳಿದರೆ ಯಾವ ತಾಯಿ ತಾನೇ "ಬಂದ್ಬಿಡು" ಅನ್ನಲ್ಲ ಹೇಳಿ. ನಾನು ಮಕ್ಕಳು ಶಾಲೆಗೆ ಹೋದ ಮೇಲೆ, ಬೆಳಿಗ್ಗೆ ಮಾತಾಡೋಕೆ ಶುರು ಮಾಡಿದೆ. ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಗಿಸ್ತಾ, ಪಕ್ಕದ ಮನೆ ಹಸು ಕರು ಹಾಕಿದ್ದು, ನಾಲೆಗೆ ನೀರು ಬಿಟ್ಟಿದ್ದು ಹೇಳೋಳು. ಅಳೋಕೆ ಸಂದೇ ಸಿಗ್ತಿರಲಿಲ್ಲ. ನೆಂಟರ ಬಾಯಿಗೆ ಮಾತ್ರ ಮದ್ದಿಲ್ಲ. "ಡಿಗ್ರಿ ಓದ್ಸಿದ್ದು ಹೊರದೇಶ್ದಲ್ಲಿ ಮುಸ್ರೆ ತಿಕ್ಕಕ್ಕಾ?" ಅಂತ ನಮ್ಮ ಚಿಕ್ಕಪ್ಪ ಮದುವೆಮನೆಯಲ್ಲೇ ಕೇಳಿದರಂತೆ. ಪಾತ್ರೆ ತೊಳೆಯೋದು ಮಿಷನ್ ಅಂತ ಅಮ್ಮ ಹೇಳಿದಳಂತೆ.

ದಸರಾ ಹೊತ್ತಿಗೆ ತುಂಬಾ ಕಷ್ಟವಾಯಿತು. ಸುಮ್ಮನೆ ಆ ಹುಡುಗನಿಗೆ ಯೂಟ್ಯೂಬಲ್ಲಿ ಜಂಬೂಸವಾರಿ ತೋರಿಸಿದೆ. ಅಭಿಮನ್ಯುವಿನ ಬೆನ್ನ ಮೇಲಿನ ಅಂಬಾರಿ 750 ಕೆಜಿ ಅಂದಾಗ ಅವನು ಗಂಭೀರವಾಗಿ ಕೇಳಿದ್ದು, "ಅದಕ್ಕೂ ವಾರಕ್ಕೆ ಒಂದೂವರೆ ದಿನ ರಜೆ ಇದೆಯಾ?" ಅವರ ಮನೆಯಲ್ಲಿ ನನ್ನ ಗಂಟೆಗಳ ಮಾತು ಎಷ್ಟು ನಡೀತಿತ್ತು ಅಂತ ಆಗ ಗೊತ್ತಾಯಿತು.

ಊಟದ ಬಗ್ಗೆ ಕೇಳಿದ್ದೀರಿ. ರಾತ್ರಿ ಬ್ರೆಡ್ಡು, ಚೀಸು, ಸೌತೆಕಾಯಿ, ಅಷ್ಟೇ ಇರುತ್ತೆ. ಅದೇ ಅವರ ಊಟ, ನಿಮಗೆ ಕಡಿಮೆ ಮಾಡಿ ಕೊಟ್ಟಿದ್ದಲ್ಲ. ವಾರಕ್ಕೊಂದು ದಿನ ನಾನು ಅಡುಗೆ ಮಾಡ್ತೀನಿ ಅಂತ ಕೇಳಿ ಒಪ್ಪಿಸಿಕೊಳ್ಳಿ. ಊರಿಂದ ಯಾರಾದರೂ ಬರೋರಿದ್ದರೆ ರಾಗಿ ಹಿಟ್ಟು ತರಿಸಿಕೊಳ್ಳಿ, ತುಪ್ಪ ಮಾತ್ರ ಬೇಡ, ಹೊರಗಿನ ಹಾಲಿನ ಪದಾರ್ಥ ಯೂರೋಪಿನೊಳಗೆ ಬಿಡಲ್ಲ. ನಮ್ಮನೆ ಮಕ್ಕಳು ಮುದ್ದೆಯನ್ನ ಜೇಡಿಮಣ್ಣು ಅಂತ ಆಟಕ್ಕೆ ತಗೊಂಡರು, ಬಸ್ಸಾರು ಮಾತ್ರ ಸೂಪ್ ಅಂತ ಕುಡಿದರು. ಒಣಮೆಣಸಿನಕಾಯಿ ಒಗ್ಗರಣೆ ಹಾಕೋಕೆ ಮುಂಚೆ ಅಡುಗೆಮನೆ ಬಾಗಿಲು ಹಾಕಿ, ಕಿಟಕಿ ಪೂರ್ತಿ ತೆಗೀರಿ. ನಡುಮನೆ ಸೂರಲ್ಲಿ ಹೊಗೆ ಅಲಾರಂ ಇರುತ್ತೆ, ಅದು ಹೊಡೆದುಕೊಂಡರೆ ಬೀದಿಗೆಲ್ಲ ಕೇಳುತ್ತೆ.