ಹಡಗಿನ ಪ್ರವಾಸಕ್ಕೆ ಯಾವ ಮಾತ್ರೆ ಒಯ್ಯಬೇಕು? ಹೊಸನಗರದವರ ಪ್ರಶ್ನೆಗೆ ಉತ್ತರ

ನಮಸ್ಕಾರ. ಹೊಸನಗರದ ಸದಸ್ಯರು ಕೇಳಿದ್ದನ್ನು ಮೊದಲು ಹೇಳಿಬಿಡುತ್ತೇನೆ, ಈಗ ಓದುತ್ತಿರುವವರಿಗೂ ಗೊತ್ತಾಗಲಿ. ಅಡಿಕೆ ಕೊಯ್ಲು ಮುಗಿಸಿ ಮಾರ್ಚ್‌ನಲ್ಲಿ ಅಪ್ಪಯ್ಯ, ಅಮ್ಮ, ಹೆಂಡತಿ ಮತ್ತು ಆರು ವರ್ಷದ ಮಗಳ ಜೊತೆ ಸಿಂಗಾಪುರಕ್ಕೆ ಹೋಗಿ, ಅಲ್ಲಿಂದ ನಾಲ್ಕು ರಾತ್ರಿಯ ಕ್ರೂಸ್ ಹತ್ತುತ್ತಾರೆ. ಅಪ್ಪಯ್ಯನಿಗೆ ಬಿಪಿ, ಶುಗರ್, ಜೊತೆಗೆ ಪ್ರಾಸ್ಟೇಟ್ ತೊಂದರೆ. ಅಮ್ಮನಿಗೆ ಬಿಪಿ ಮತ್ತು ಮಂಡಿನೋವು. ಚೀಟಿ ಇಲ್ಲದೆ ಸಿಗುವ ಮಾತ್ರೆಗಳಲ್ಲಿ ಏನೇನು ಕಟ್ಟಿಕೊಳ್ಳಬೇಕು ಎಂದು ಕೇಳಿದ್ದಾರೆ. ಅದಕ್ಕೆ ಒಬ್ಬರು "ಒಂದು ಅವೊಮಿನ್ ಸ್ಟ್ರಿಪ್ ಸಾಕು" (ಅದು ವಾಂತಿ ತಡೆಯುವ ಮಾತ್ರೆ) ಎಂದಿದ್ದಾರೆ, ಇನ್ನೊಬ್ಬರು "ಎಲ್ಲದರದ್ದೂ ಒಂದೊಂದು ಸ್ಟ್ರಿಪ್, ಅಜಿತ್ರೋಮೈಸಿನ್ ಎಂಬ ಆಂಟಿಬಯಾಟಿಕ್ ಸಮೇತ" ಎಂದಿದ್ದಾರೆ. ನಾನು ತೀರ್ಥಹಳ್ಳಿ ಕಡೆ ತೋಟದ ಜೊತೆಗೆ ಮೆಡಿಕಲ್ ಶಾಪ್ ನಡೆಸುವವನು. ಎರಡೂ ಉತ್ತರ ನಿಮ್ಮ ಮನೆಗೆ ಹೊಂದುವುದಿಲ್ಲ ಅನ್ನಿಸಿತು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಯಾವ ಮಾತ್ರೆ ಒಳ್ಳೆಯದು ಅನ್ನುವುದಕ್ಕಿಂತ, ಅಪ್ಪಯ್ಯ ಅಮ್ಮ ಈಗಾಗಲೇ ದಿನಾ ನುಂಗುತ್ತಿರುವ ಮಾತ್ರೆಗಳ ಜೊತೆ ಯಾವುದು ಹೊಂದುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ನಮ್ಮ ದೇಶದ ಕಾನೂನಿನಲ್ಲಿ ಚೀಟಿ ಬೇಡದ ಮಾತ್ರೆಗಳು ಎಂಬ ಪ್ರತ್ಯೇಕ ಪಟ್ಟಿಯೇ ಇಲ್ಲ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿಗೆ ಕೊಡಬೇಕಾದದ್ದು. ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಕ್ಕಿತು ಎಂದ ಮಾತ್ರಕ್ಕೆ ಅದು ನಿರಪಾಯ ಅಂತ ಅರ್ಥವಲ್ಲ.

ಎಲ್ಲರೂ ಹೆದರುವ ವಾಂತಿಯಿಂದಲೇ ಶುರು ಮಾಡೋಣ. ಆಗುಂಬೆ ಘಾಟಿ ಇಳಿಯುವಾಗ ಬಸ್ಸಿನಲ್ಲಿ ಹೊಟ್ಟೆ ತೊಳೆಸುತ್ತದಲ್ಲ, ಸಮುದ್ರದಲ್ಲಿ ಆಗುವುದೂ ಅದೇ. ಒಳಗಿವಿ ಅಲುಗಾಟವನ್ನು ಹೇಳುತ್ತದೆ, ಕಣ್ಣಿಗೆ ಕೋಣೆಯ ಗೋಡೆ ನಿಂತಂತೆ ಕಾಣುತ್ತದೆ. ಈ ಎರಡು ಸುದ್ದಿ ತಾಳೆಯಾಗದೆ ಮಿದುಳು ಗೊಂದಲಕ್ಕೆ ಬೀಳುತ್ತದೆ. ದೊಡ್ಡ ಹಡಗು ಬಸ್ಸಿನಷ್ಟು ಕುಲುಕುವುದಿಲ್ಲ, ಆದರೆ ನಡುರಾತ್ರಿ ಇಳಿದುಕೊಳ್ಳಲು ಅಲ್ಲಿ ಸ್ಟಾಪ್ ಇಲ್ಲ. ಕ್ಯಾಬಿನ್ ಬುಕ್ ಇನ್ನೂ ಆಗಿಲ್ಲದಿದ್ದರೆ ಕೆಳಗಿನ ಅಂತಸ್ತಿನಲ್ಲಿ, ಹಡಗಿನ ಮಧ್ಯಭಾಗದಲ್ಲಿ ಕೇಳಿ. ಅಲ್ಲಿ ಅಲುಗಾಟ ಕಡಿಮೆ. ತಲೆ ತಿರುಗಿದಾಗ ಡೆಕ್‌ಗೆ ಬಂದು ದೂರದ ದಿಗಂತವನ್ನು ನೋಡುತ್ತಾ ನಿಂತರೆ ಎಷ್ಟೋ ಜನಕ್ಕೆ ಮಾತ್ರೆಯೇ ಬೇಕಾಗುವುದಿಲ್ಲ. ಕ್ಯಾಬಿನ್ನಿನಲ್ಲಿ ಮಲಗಿ ಮೊಬೈಲ್ ನೋಡಿದರೆ ಮಾತ್ರ ಖಂಡಿತ ಹೆಚ್ಚಾಗುತ್ತದೆ.

ಅವೊಮಿನ್‌ನಲ್ಲಿರುವುದು ಪ್ರೊಮೆಥಜೀನ್. ಕೆಲಸ ಚೆನ್ನಾಗಿ ಮಾಡುತ್ತದೆ, ಆದರೆ ವಾಂತಿ ಶುರುವಾದ ಮೇಲೆ ನುಂಗಿದರೆ ಉಪಯೋಗ ಕಡಿಮೆ. ಹೊರಡುವ ಒಂದೆರಡು ಗಂಟೆ ಮೊದಲು ಅಥವಾ ಹಿಂದಿನ ರಾತ್ರಿ ಮಲಗುವಾಗ ತಗೊಳ್ಳಬೇಕು. ನಿಮಗೂ ನಿಮ್ಮ ಹೆಂಡತಿಗೂ ಅದು ಸರಿ, ಜೋರು ನಿದ್ದೆ ಬರುತ್ತದೆ ಅನ್ನುವುದು ಗೊತ್ತಿರಲಿ, ಜೊತೆಗೆ ಮದ್ಯ ಬೇಡವೇ ಬೇಡ. ಅಪ್ಪಯ್ಯನಿಗೆ ಮಾತ್ರ ದಯವಿಟ್ಟು ಕೇಳದೆ ಕೊಡಬೇಡಿ. ಪ್ರಾಸ್ಟೇಟ್ ದೊಡ್ಡದಾದವರಿಗೆ ಈ ಮಾತ್ರೆಯಿಂದ ಮೂತ್ರ ಕಟ್ಟಿಕೊಳ್ಳಬಹುದು. ವಯಸ್ಸಾದವರಿಗೆ ಮಂಕು ಕವಿದಂತಾಗಿ, ಗೊಂದಲವಾಗಿ, ರಾತ್ರಿ ಬಚ್ಚಲಿಗೆ ಏಳುವಾಗ ಬೀಳುವ ಅಪಾಯವೂ ಇದೆ. ಸಮುದ್ರದ ಮಧ್ಯೆ ಮೂತ್ರ ಕಟ್ಟಿದರೆ ಆ ಸಂಕಟ ಯಾರಿಗೂ ಬೇಡ. ಸಿನ್ನರಿಜೀನ್, ಮೆಕ್ಲಿಜೀನ್ ಎಂಬ ಬೇರೆ ಮಾತ್ರೆಗಳಿವೆ, ಅವೂ ಹೆಚ್ಚುಕಡಿಮೆ ಅದೇ ಜಾತಿಯವು. ಯಾವುದು ಕೊಡಬಹುದು, ಕೊಡಲೇಬೇಕೇ ಅನ್ನುವುದನ್ನು ಪ್ರಾಸ್ಟೇಟ್‌ಗೆ ನೋಡುವ ಡಾಕ್ಟರನ್ನೇ ಕೇಳಿ. ಕಣ್ಣಿನ ಗ್ಲಾಕೋಮಾ ಇದ್ದವರಿಗೂ ಇದೇ ಮಾತು.

"ವಾಂತಿ ಮಾತ್ರೆ ಕೊಡಿ" ಎಂದರೆ ಹಲವು ಕಡೆ ಓಂಡನ್‌ಸೆಟ್ರಾನ್ ಕೊಡುತ್ತಾರೆ. ಹೊಟ್ಟೆ ಕೆಟ್ಟು ಆಗುವ ವಾಂತಿಗೆ ಅದು ಒಳ್ಳೆಯ ಔಷಧ, ಅಲುಗಾಟದ ವಾಂತಿಗೆ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ಹಾಗಾಗಿ ಅಂಗಡಿಯಲ್ಲಿ ಯಾವ ಕಾರಣಕ್ಕೆ ಎಂದು ಬಿಡಿಸಿ ಹೇಳಿ. ಶುಂಠಿ ಕೆಲವರಿಗೆ ಆರಾಮ ಕೊಡುತ್ತದೆ, ನಮ್ಮಲ್ಲಿ ಅದಕ್ಕೇನು ಬರವೇ? ಆದರೆ ಮನೆಯಲ್ಲಿ ಒಣಗಿಸಿ ಕುಟ್ಟಿದ್ದನ್ನು ಕವರಿನಲ್ಲಿ ಕಟ್ಟಿ ಒಯ್ಯುವ ಬದಲು ಲೇಬಲ್ ಇರುವ ಶುಂಠಿ ಪೆಪ್ಪರಮೆಂಟಿನ ಪ್ಯಾಕೆಟ್ ಇಟ್ಟುಕೊಳ್ಳಿ. ಕಾರಣ ಮುಂದೆ ಹೇಳುತ್ತೇನೆ.

ಇನ್ನೊಂದು ವಿಷಯ, ಇದು ಯಾರ ತಲೆಗೂ ಬೇಗ ಹೊಳೆಯುವುದಿಲ್ಲ. ಅಪ್ಪಯ್ಯ ಶುಗರ್‌ಗೆ ಗ್ಲಿಮೆಪಿರೈಡ್ ಇರುವ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುತ್ತಿದ್ದರೆ, ಹೊಟ್ಟೆ ತೊಳೆಸಿ ಊಟ ಸೇರದ ದಿನ ಶುಗರ್ ಪಾತಾಳಕ್ಕೆ ಇಳಿಯಬಹುದು. ಊಟ ಬಿಟ್ಟ ದಿನ, ವಾಂತಿ ಭೇದಿ ಆದ ದಿನ ಯಾವ ಮಾತ್ರೆ ನಿಲ್ಲಿಸಬೇಕು, ಬಿಪಿ ಮಾತ್ರೆ ಮತ್ತು ಮೆಟ್‌ಫಾರ್ಮಿನ್ ಏನು ಮಾಡಬೇಕು ಎಂದು ಹೊರಡುವ ಮೊದಲೇ ಡಾಕ್ಟರಲ್ಲಿ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಗ್ಲೂಕೋಸ್ ಪುಡಿಯ ಪ್ಯಾಕೆಟ್ ಅಪ್ಪಯ್ಯನ ಜೇಬಿನಲ್ಲೇ ಇರಲಿ. ಇನ್ಸುಲಿನ್ ಇದ್ದರೆ ವಿಮಾನದಲ್ಲಿ ಲಗೇಜಿಗೆ ಹಾಕಬೇಡಿ, ಅಲ್ಲಿನ ಚಳಿಗೆ ಹೆಪ್ಪುಗಟ್ಟಿದರೆ ಕೆಟ್ಟಂತೆಯೇ.

ಭೇದಿಗೆ ಮುಖ್ಯ ಔಷಧ ಓಆರ್‌ಎಸ್, ಉಳಿದದ್ದೆಲ್ಲ ಆಮೇಲೆ. ಡಬ್ಲ್ಯೂಎಚ್‌ಓ ಸೂತ್ರ ಎಂದು ಬರೆದಿರುವ ಪುಡಿ ಪ್ಯಾಕೆಟ್ ನೋಡಿ ಕೊಳ್ಳಿ. ಓಆರ್‌ಎಸ್ ಎಂದು ಹೆಸರಿಟ್ಟುಕೊಂಡು ಸಕ್ಕರೆ ನೀರು ಮಾರುವುದನ್ನು 2025ರ ಅಕ್ಟೋಬರ್‌ನಲ್ಲಿ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ತಡೆದಿದೆ, ಆದರೂ ಡಬ್ಬದ ಜ್ಯೂಸ್ ತರಹದ್ದನ್ನು ನಂಬಬೇಡಿ. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ. ಸ್ವಲ್ಪ ಪುಡಿ ಲೋಟಕ್ಕೆ ಉದುರಿಸಿ ಕುಡಿಸುವುದು ತಪ್ಪು, ಅಳತೆ ಕೆಟ್ಟರೆ ಭೇದಿ ಇನ್ನೂ ಹೆಚ್ಚಬಹುದು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದರೆ ಚೆಲ್ಲಿ. "ಶುಗರ್ ಇದೆ, ಓಆರ್‌ಎಸ್ ಹೇಗೆ ಕೊಡೋದು" ಎಂದು ಅಂಗಡಿಯಲ್ಲಿ ಬಹಳ ಜನ ಕೇಳುತ್ತಾರೆ. ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಅಷ್ಟೇ ಅದರಲ್ಲಿರುವುದು. ನೀರು ಕಳೆದುಕೊಂಡಾಗ ಶುಗರ್ ಇದ್ದವರಿಗೂ ಅದು ಬೇಕು.

ಲೋಪರಮೈಡ್ ಭೇದಿಯನ್ನು ತಡೆದು ಹಿಡಿಯುತ್ತದೆ, ರೋಗ ವಾಸಿ ಮಾಡುವುದಿಲ್ಲ. ದೊಡ್ಡವರಿಗೆ ಮಾತ್ರ, ಜ್ವರವಾಗಲಿ ರಕ್ತವಾಗಲಿ ಇಲ್ಲದಿದ್ದರೆ ಮಾತ್ರ, ಸ್ವಂತ ನಿರ್ಧಾರದಲ್ಲಿ ದಿನಕ್ಕೆ 2 ಮಿ.ಗ್ರಾಂ.ನ ನಾಲ್ಕು ಮಾತ್ರೆ ಮೀರಬಾರದು. ಮಗುವಿಗೆ ಬೇಡ. ಹಡಗಿನಲ್ಲಿ ಬೇಗ ಹರಡುವುದು ವಾಂತಿ ಭೇದಿ ತರುವ ನೊರೊವೈರಸ್. ಅದಕ್ಕೆ ಸ್ಯಾನಿಟೈಸರ್ ಸಾಲದು, ಸೋಪು ನೀರಿನಲ್ಲೇ ಕೈ ತೊಳೆಯಬೇಕು. ಬಫೆಗೆ ಹೋಗುವ ಮುಂಚೆ ಮಗಳ ಕೈ ನೀವೇ ನಿಂತು ತೊಳೆಸಿ. ಭೇದಿ ಶುರುವಾದರೆ ಹಡಗಿನ ಮೆಡಿಕಲ್ ಸೆಂಟರ್‌ಗೆ ತಿಳಿಸಿ, ಕ್ಯಾಬಿನ್ನಿನಲ್ಲೇ ಇರಿಸುತ್ತಾರೆ ಎಂದು ಹೆದರಿ ಮುಚ್ಚಿಡಬೇಡಿ.

ಇನ್ನು ಅಜಿತ್ರೋಮೈಸಿನ್. ಅದು ಕೆಂಪು ಗೆರೆಯ ಮಾತ್ರೆ. ನೆಗಡಿ, ವೈರಸ್ ಭೇದಿ ಎರಡಕ್ಕೂ ಅದರಿಂದ ಏನೂ ಆಗುವುದಿಲ್ಲ. ಡಾಕ್ಟರು ನಿಮಗೆಂದೇ ಬರೆದು ಕೊಟ್ಟರೆ ಸರಿ, ಇಲ್ಲದಿದ್ದರೆ ಮನೆಯಲ್ಲೇ ಬಿಡಿ, ಅಷ್ಟೇ.

ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್. 650ರ ಮಾತ್ರೆಯಾದರೆ ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಮೀರದೆ. ಮಗಳಿಗೆ ತೂಕದ ಲೆಕ್ಕ: ಕೆಜಿಗೆ 10ರಿಂದ 15 ಮಿ.ಗ್ರಾಂ. 18 ಕೆಜಿ ಇದ್ದರೆ, 5 ಎಂಎಲ್‌ನಲ್ಲಿ 250 ಮಿ.ಗ್ರಾಂ ಇರುವ ಸಿರಪ್ 5 ಎಂಎಲ್. ಸಿರಪ್‌ನಲ್ಲಿ 120ರದ್ದು, 250ರದ್ದು ಎರಡೂ ಬರುತ್ತವೆ, ಬಾಟಲಿ ಓದಿ ನೋಡಿ. ಅಳತೆಯ ಮುಚ್ಚಳ ಮರೆಯಬೇಡಿ, ಊಟದ ಚಮಚದಲ್ಲಿ ಅಳೆಯಬಾರದು. ನೆಗಡಿ ಮಾತ್ರೆ ಎಂದು ಸಿಗುವವುಗಳಲ್ಲಿ ಬಹುಪಾಲು ಪ್ಯಾರಾಸಿಟಮಾಲ್ ಸೇರಿಯೇ ಇರುತ್ತದೆ, ಎರಡನ್ನೂ ಒಟ್ಟಿಗೆ ಕೊಟ್ಟರೆ ಡೋಸ್ ಇಮ್ಮಡಿ. ಜೊತೆಗಿರುವ ಫೆನೈಲೆಫ್ರಿನ್ ಬಾಯಿಂದ ತಗೊಂಡರೆ ಮೂಗು ಬಿಡಿಸುವುದಿಲ್ಲ ಎಂದು 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿಯೇ ಹೇಳಿದೆ. ಬಿಪಿ, ಪ್ರಾಸ್ಟೇಟ್ ಇರುವ ಅಪ್ಪಯ್ಯನಿಗೆ ಅಂಥ ಮಾತ್ರೆ ಕೊಡಲೇಬೇಡಿ. ಮೂಗು ಕಟ್ಟಿದರೆ ಉಪ್ಪು ನೀರಿನ ಸ್ಪ್ರೇ, ಬಿಸಿ ನೀರಿನ ಹಬೆ ಸಾಕು.

ಅಮ್ಮನ ಮಂಡಿಗೆ ಹಚ್ಚುವ ಡೈಕ್ಲೋಫಿನಾಕ್ ಜೆಲ್ ಒಯ್ಯಿರಿ. ನುಂಗುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಬಿಪಿ ಮಾತ್ರೆಯ ಜೊತೆ ಸೇರಿದರೆ ಕಿಡ್ನಿಗೆ ಹೊರೆ. ಬಿಪಿ ಮಾತ್ರೆಯಲ್ಲಿ ಟೆಲ್ಮಿಸಾರ್ಟಾನ್ ಜೊತೆ ಮೂತ್ರ ಹೋಗಿಸುವ ಅಂಶವೂ ಇದ್ದು, ಮೇಲೆ ಭೇದಿಯೂ ಆದರೆ ಅಪಾಯ ಹಲವು ಪಟ್ಟು.

ನಮ್ಮ ಕಡೆಯವರೇ ನೆನಪಿಡಬೇಕಾದದ್ದೊಂದಿದೆ. ಮಾರ್ಚ್ ಅಂದರೆ ಉಣುಗಿನ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ (ಕೆಎಫ್‌ಡಿ) ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ ಬರುತ್ತದೆ. ಅಂದರೆ ಹೊರಡುವ ವಾರ ಸೊಪ್ಪಿನ ಬೆಟ್ಟಕ್ಕೆ, ತರಗು ಗುಡಿಸಲು ಹೋಗಿ ಬಂದವರಿಗೆ ಜ್ವರ ಕಾಣುವುದು ಹಡಗಿನಲ್ಲೇ ಆಗಬಹುದು. ಅಲ್ಲಿನ ಡಾಕ್ಟರಿಗೆ ಈ ಕಾಯಿಲೆ ಹೊಳೆಯುವುದೇ ಇಲ್ಲ. ಜೋರು ಜ್ವರ, ತಲೆನೋವು, ಮೈಕೈ ಸೆಳೆತ ಬಂದರೆ "ಶಿವಮೊಗ್ಗದ ಕಾಡಿನಂಚಿನಿಂದ ಬಂದಿದ್ದೇವೆ, ಕೆಎಫ್‌ಡಿ ಇರುವ ಊರು" ಎಂದು ನೀವೇ ಬಾಯಿಬಿಟ್ಟು ಹೇಳಿ. ಅಂಥ ಜ್ವರದಲ್ಲಿ, ಡೆಂಗಿಯ ಹಾಗೆಯೇ, ರಕ್ತಸ್ರಾವದ ಭಯ ಇರುತ್ತದೆ, ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಮುಟ್ಟಬೇಡಿ. ಹೊರಡುವ ಹತ್ತು ದಿನ ಮೊದಲಿಂದ ಬೆಟ್ಟದ ಕೆಲಸ ಬಿಡುವುದೇ ಒಳ್ಳೆಯದು.

ಈಗ ಕಟ್ಟುವ ಕ್ರಮ. ಮನೆಯ ಹಳೆ ಡಬ್ಬದಿಂದ ಆಯ್ದು ಹಾಕಬೇಡಿ. ನಮ್ಮ ಮಳೆಗಾಲದ ತಂಡಿಗೆ ಕ್ಯಾಪ್ಸೂಲ್ ಮೆತ್ತಗಾಗಿರುತ್ತದೆ, ಮಾತ್ರೆಯ ಬಣ್ಣ ಹೋಗಿರುತ್ತದೆ. ಹೊಸದಾಗಿ, ಇಡೀ ಸ್ಟ್ರಿಪ್ಪೇ ಕೊಂಡು ಬಿಲ್ ಇಟ್ಟುಕೊಳ್ಳಿ. ಕತ್ತರಿಸಿದ ತುಂಡಿನಲ್ಲಿ ಹೆಸರೂ ಇರದು, ಎಕ್ಸ್‌ಪೈರಿಯೂ ಇರದು. ಕಸ್ಟಮ್ಸ್‌ನವರು ಕೇಳಿದರೆ ತೋರಿಸಲು ಏನೂ ಇಲ್ಲದಂತಾಗುತ್ತದೆ. ದಿನದ ಮಾತ್ರೆಗಳಿಗೆ ಡಾಕ್ಟರ ಚೀಟಿ ಔಷಧದ ಮೂಲ ಹೆಸರಿನಲ್ಲಿ, ಇಂಗ್ಲಿಷಿನಲ್ಲಿ ಇರಲಿ. ಬ್ರಾಂಡ್ ಹೆಸರು ಹೊರಗೆ ಯಾರಿಗೂ ಗೊತ್ತಾಗುವುದಿಲ್ಲ.

ಸಿಂಗಾಪುರದಲ್ಲಿ ಸ್ವಂತಕ್ಕೆ ಮೂರು ತಿಂಗಳಿಗಾಗುವಷ್ಟು ಸಾಮಾನ್ಯ ಮಾತ್ರೆ ಒಯ್ಯಬಹುದು. ಕೋಡೀನ್ ಇರುವ ಕೆಮ್ಮಿನ ಸಿರಪ್, ನಿದ್ದೆಗೆಂದು ಕೊಡುವ ಅಲ್ಪ್ರಜೋಲಾಮ್, ಡಯಾಜೆಪಾಮ್ ಇದ್ದರೆ ಅಲ್ಲಿನ ಆರೋಗ್ಯ ಇಲಾಖೆಯಡಿಯ ಎಚ್‌ಎಸ್‌ಎ ಸಂಸ್ಥೆಯಿಂದ ಮೊದಲೇ ಅನುಮತಿ ಬೇಕು. ಅಮ್ಮ ಹೋಳಿಗೆ ಪಾಯಸಕ್ಕೆಂದು ಗಸಗಸೆ ಕಟ್ಟಿದರೆ ತೆಗೆದಿಡಿ, ಅಲ್ಲಿ ಅದು ನಿಷಿದ್ಧ. ಅಪ್ಪಯ್ಯನ ಕವಳದ ಸಂಚಿಯಲ್ಲಿ ಹೊಗೆಸೊಪ್ಪು ಇದ್ದರೆ ಅದೂ ನಿಷಿದ್ಧ. ಲೇಬಲ್ ಇಲ್ಲದ ಕಷಾಯದ ಪುಡಿ, ಭಸ್ಮ, ಲೇಹ್ಯ ಯಾವುದನ್ನೂ ಒಯ್ಯಬೇಡಿ, ಅದರಲ್ಲೇನಿದೆ ಎಂದು ಅಲ್ಲಿ ಸಾಬೀತು ಮಾಡಲಾಗದು.

ಹಡಗು ಹತ್ತುವಾಗ ದೊಡ್ಡ ಪೆಟ್ಟಿಗೆಗಳನ್ನು ಸಿಬ್ಬಂದಿ ಒಯ್ಯುತ್ತಾರೆ, ಕ್ಯಾಬಿನ್ನಿಗೆ ಬರುವಾಗ ಸಂಜೆಯಾಗಬಹುದು. ದಿನದ ಮಾತ್ರೆ, ವಾಂತಿ ಮಾತ್ರೆ, ಓಆರ್‌ಎಸ್ ಎಲ್ಲ ಕೈಚೀಲದಲ್ಲೇ ಇರಲಿ, ಎರಡು ಮೂರು ದಿನಕ್ಕೆ ಹೆಚ್ಚುವರಿ ಸೇರಿಸಿ. ಇದರ ಜೊತೆ ಅಲರ್ಜಿಗೆ ಸಿಟ್ರಿಜೀನ್ ಒಂದು ಸ್ಟ್ರಿಪ್, ಬ್ಯಾಂಡೇಜು, ಗಾಯದ ಮುಲಾಮು, ಇಸಬ್‌ಗೋಲ್, ಥರ್ಮಾಮೀಟರ್, ಶುಗರ್ ನೋಡುವ ಮೀಟರ್. ಆಂಟಾಸಿಡ್ ಇಟ್ಟುಕೊಂಡರೆ ಬೇರೆ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ ಕೊಡಿ. ಹಡಗಿನ ಡಾಕ್ಟರ ಫೀಸು ದುಬಾರಿ, ಪ್ರವಾಸದ ಇನ್ಶೂರೆನ್ಸ್‌ನಲ್ಲಿ ಹಳೆ ಕಾಯಿಲೆಗಳನ್ನೂ ಬರೆಸಿಯೇ ಮಾಡಿಸಿ.

ಅಪ್ಪಯ್ಯ ಅಮ್ಮನ ಈಗಿನ ಮಾತ್ರೆಗಳ ಸ್ಟ್ರಿಪ್ ಹಿಂಭಾಗದ ಫೋಟೋ ಇಲ್ಲಿ ಹಾಕಿ, ಅವರ ಹೆಸರಿರುವ ಚೀಟಿ ಬೇಡ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ನೋಡಿ, ಡಾಕ್ಟರಲ್ಲಿ ಏನೇನು ಕೇಳಬೇಕು ಎಂದು ಬರೆದು ಕಳಿಸುತ್ತೇನೆ.