ಪಕ್ಕದಲ್ಲಿ ಯುದ್ಧ ಇರುವಾಗ ಜರ್ಮನಿಗೆ ಬರಬಹುದಾ?

ಪೆರ್ಲದ ತಂಗಿಗೆ,

ನಿಮ್ಮ ಪ್ರಶ್ನೆ ಓದಿದೆ. ಮಂಗಳೂರಿನಲ್ಲಿ ನರ್ಸಿಂಗ್ ಮುಗಿದಿದೆ, ಜರ್ಮನ್ ಭಾಷೆಯ ಬಿ1 ಹಂತದ ಪರೀಕ್ಷೆ ಪಾಸಾಗಿದೆ. ಅಮ್ಮ ಮಾತ್ರ ರಷ್ಯಾ-ಉಕ್ರೇನ್ ಜಗಳ ನೋಡಿ "ಪಕ್ಕದಲ್ಲೇ ಯುದ್ಧ, ಬೇಡ" ಅಂತಿದ್ದಾರೆ. ಸಂಬಳ ಖರ್ಚಿಗೆ ಸಾಲುತ್ತದಾ ಅಂತಲೂ ಕೇಳಿದ್ದೀರಿ. ತಮ್ಮನಿಗೆ ಒಬ್ಬ ಏಜೆಂಟ್ ರಷ್ಯಾದಲ್ಲಿ ಕೆಲಸ ಕೊಡಿಸುತ್ತಾನಂತೆ, ಅದನ್ನೂ ಬರೆದಿದ್ದೀರಿ.

ನಾನು ಕಾಸರಗೋಡಿನ ಬದಿಯಡ್ಕದವಳು, ನರ್ಸ್. ಜರ್ಮನಿಯ ಲೈಪ್‌ಜಿಗ್‌ಗೆ ಬಂದು 13 ವರ್ಷ ಆಯ್ತು.

ತಮ್ಮನ ವಿಷಯ ಮೊದಲು ಹೇಳುತ್ತೇನೆ. ದಯವಿಟ್ಟು ಕಳಿಸಬೇಡಿ. ಕಲಬುರಗಿಯ ಹುಡುಗರು ಸೆಕ್ಯೂರಿಟಿ ಕೆಲಸ ಅಂತ ನಂಬಿ ಹೋಗಿ ರಷ್ಯಾದ ಸೇನೆಯಲ್ಲಿ ಸಿಕ್ಕಿಬಿದ್ದರು. 2024ರ ಸೆಪ್ಟೆಂಬರ್‌ನಲ್ಲಿ ಹೇಗೋ ಮನೆ ಸೇರಿದರು. ನಮ್ಮದೇ ಕೇರಳದ ತ್ರಿಶೂರಿನ ಇಬ್ಬರು ಮರಳಲೇ ಇಲ್ಲ. ಏಜೆಂಟ್ ಎಷ್ಟೇ ಪರಿಚಯದವನಾಗಿರಲಿ, ಬೇಡ. ನೀವು ಕೂಡ ಯಾರಿಗೂ ಲಕ್ಷಗಟ್ಟಲೆ ಕೊಡಬೇಡಿ. ಹೊರದೇಶಕ್ಕೆ ಹೋಗುವವರಿಗಾಗಿ ಕೇರಳ ಸರ್ಕಾರದ ನೋರ್ಕಾ ರೂಟ್ಸ್ ಅಂತ ಸಂಸ್ಥೆ ಇದೆ. ನರ್ಸ್‌ಗಳನ್ನು ಜರ್ಮನಿಗೆ ಕಳಿಸುವ ಟ್ರಿಪಲ್ ವಿನ್ ಯೋಜನೆ ಅದರದ್ದು, ಅಲ್ಲಿ ನರ್ಸ್‌ಗಳಿಂದ ನೇಮಕಾತಿಗೆ ಹಣ ತಗೊಳ್ಳುವುದಿಲ್ಲ.

ಇನ್ನು ಅಮ್ಮನಿಗೆ ಹೇಳಿ, ಇಲ್ಲಿ ಬಾಂಬ್ ಬೀಳುತ್ತಿಲ್ಲ. ನಮಗೂ ಉಕ್ರೇನಿಗೂ ನಡುವೆ ಇಡೀ ಪೋಲೆಂಡ್ ಇದೆ. ನಮ್ಮ ಮನೆಗೆ ಯುದ್ಧ ಬಂದದ್ದು ಹೀಟರಿನ ಬಿಲ್ಲಿನ ಜೊತೆ.

ಯುದ್ಧ ಶುರುವಾದ 2022ರ ಫೆಬ್ರವರಿ 24ರ ಮೊದಲು ಜರ್ಮನಿಗೆ ಅರ್ಧಕ್ಕಿಂತ ಜಾಸ್ತಿ ಗ್ಯಾಸ್ ರಷ್ಯಾದಿಂದಲೇ ಬರುತ್ತಿತ್ತು. ಅದೇ ವರ್ಷ ಆಗಸ್ಟ್ ಕೊನೆಗೆ ರಷ್ಯಾದಿಂದ ಗ್ಯಾಸ್ ತರುವ ನಾರ್ಡ್ ಸ್ಟ್ರೀಮ್ ಪೈಪಿನಲ್ಲಿ ಬರುವುದು ನಿಂತೇ ಹೋಯಿತು. ಇಲ್ಲಿ ಅರ್ಧದಷ್ಟು ಮನೆಗಳು ಚಳಿಗಾಲದಲ್ಲಿ ಬಿಸಿಯಾಗುವುದೇ ಗ್ಯಾಸಿನಿಂದ. ಆ ಚಳಿಗಾಲ ನಾವು ಒಂದೇ ಕೋಣೆ ಬಿಸಿ ಮಾಡಿ ನಾಲ್ವರೂ ಅಲ್ಲೇ ಮಲಗಿದೆವು. ಅಷ್ಟು ಮಾಡಿಯೂ ವರ್ಷದ ಲೆಕ್ಕ ಬಂದಾಗ 1,140 ಯೂರೋ ಬಾಕಿ. 2023ರಲ್ಲಿ ಸರ್ಕಾರ ಹಿಂದಿನ ಬಳಕೆಯ ಶೇ. 80ಕ್ಕೆ ಯೂನಿಟ್‌ಗೆ 12 ಸೆಂಟ್ ಅಂತ ಮಿತಿ ಹಾಕಿದ ಮೇಲೆ ಸ್ವಲ್ಪ ಉಸಿರಾಡಿದೆವು. ಆಮೇಲೆ ರೇಟು ಇಳಿದಿದೆ. ಆದರೆ ಯುದ್ಧದ ಮೊದಲಿನಷ್ಟು ಅಲ್ಲ. ನೀವು ಮನೆ ನೋಡುವಾಗ "ಕಾಲ್ಟ್‌ಮೀಟೆ" ಅಂದರೆ ಬರೀ ಬಾಡಿಗೆ, "ವಾರ್ಮ್‌ಮೀಟೆ" ಅಂದರೆ ಹೀಟರ್ ಖರ್ಚೂ ಸೇರಿ. ಎರಡನೆಯದನ್ನೇ ಕೇಳಿ. ನರ್ಸ್ ಸಂಬಳದಲ್ಲಿ ಒಬ್ಬರ ಬದುಕು ನಡೆಯುತ್ತದೆ, ಊರಿಗೂ ಕಳಿಸಬಹುದು. ಮೊದಲ ವರ್ಷ ಮಾತ್ರ ಕೈ ಬಿಗಿ ಇರಲಿ.

ಊರಲ್ಲಿದ್ದರೂ ಇದರಿಂದ ಪಾರಾಗಲಿಲ್ಲ, ಅಲ್ವಾ? ಅಡಿಕೆಗೆ ಹಾಕುವ ಪೊಟ್ಯಾಷ್ ಗೊಬ್ಬರ ಹೊರದೇಶದ್ದೇ. ಅದರಲ್ಲಿ ರಷ್ಯಾ, ಬೆಲಾರೂಸ್‌ನದು ದೊಡ್ಡ ಪಾಲು. 2022ರಲ್ಲಿ ಅಪ್ಪ ಫೋನ್ ಮಾಡಿ "ಈ ಸಲ ಪೊಟ್ಯಾಷ್ ಮುಟ್ಟುವ ಹಾಗಿಲ್ಲ ಮಗಾ" ಅಂದಿದ್ದರು. ಆಗ ಇದೇ ಯುದ್ಧದಿಂದಾಗಿ ಇಲ್ಲಿನ ಅಂಗಡಿಯಲ್ಲಿ ತಲೆಗೆ ಒಂದೇ ಬಾಟಲಿ ಸೂರ್ಯಕಾಂತಿ ಎಣ್ಣೆ ಕೊಡುತ್ತಿದ್ದರು.

ಬಿಲ್ಲು ಹೇಗಾದರೂ ಕಟ್ಟಬಹುದು. ನನಗೆ ಕಷ್ಟವಾದದ್ದು ಬೇರೆ.

ಇಲ್ಲಿ ಹತ್ತು ಲಕ್ಷಕ್ಕಿಂತ ಜಾಸ್ತಿ ಉಕ್ರೇನಿಯನ್ನರು ಆಸರೆ ಪಡೆದಿದ್ದಾರೆ. ನಮ್ಮ ಮೇಲಿನ ಮನೆಯಲ್ಲಿ ಒಬ್ಬ ತಾಯಿ, ಆರು ವರ್ಷದ ಮಗ ಬಂದರು. 18ರಿಂದ 60ರ ಗಂಡಸರು ದೇಶ ಬಿಡಬಾರದು ಅಂತ ಆಗ ನಿಯಮ. ಗಂಡ ಅಲ್ಲೇ ಉಳಿದರು. 2022ರ ಡಿಸೆಂಬರ್ 8ರಂದು ಬೆಳಿಗ್ಗೆ 11ಕ್ಕೆ ಸರ್ಕಾರ ಎಚ್ಚರಿಕೆ ವ್ಯವಸ್ಥೆಯ ಪರೀಕ್ಷೆ ಮಾಡಿತು. ದೇಶದಾದ್ಯಂತ ಫೋನುಗಳು ಒಟ್ಟಿಗೆ ಕಿರುಚಿದವು. ನಾನು ನೈಟ್ ಡ್ಯೂಟಿ ಮುಗಿಸಿ ಮಲಗಿದ್ದೆ. ಮೆಟ್ಟಿಲಲ್ಲಿ ದಡದಡ ಸದ್ದು. ಹೊರಗೆ ಬಂದು ನೋಡಿದರೆ ಅವಳು ಬರಿಗಾಲಲ್ಲಿ ಮಗನನ್ನು ಎತ್ತಿಕೊಂಡು ನೆಲಮಾಳಿಗೆಗೆ ಓಡುತ್ತಿದ್ದಳು. ಸುಮ್ನೆ ಪರೀಕ್ಷೆ ಅಂತ ಹೇಳಿದರೂ ಒಂದು ಗಂಟೆ ಮೇಲೆ ಬರಲಿಲ್ಲ. ನಾನೂ ಕೆಳಗೆ ಹೋಗಿ ಅವರ ಜೊತೆ ಕೂತೆ.

ಹೊಸ ವರ್ಷದ ರಾತ್ರಿ ಇಲ್ಲಿ ಬೀದಿ ತುಂಬ ಪಟಾಕಿ. ಆ ಒಂದು ರಾತ್ರಿ ಹುಡುಗ ನಮ್ಮ ಒಳಕೋಣೆಯಲ್ಲಿ, ನನ್ನ ಮಕ್ಕಳ ನಡುವೆ ಮಲಗುತ್ತಾನೆ. ಅವನ ಅಪ್ಪನ ಮೆಸೇಜ್ ಬಂದ ದಿನ ಅಮ್ಮ ಬಾಗಿಲು ತಟ್ಟಿ ಹೇಳಿ ಹೋಗುತ್ತಾಳೆ. ತಟ್ಟದ ದಿನ ನಾನು ಕೇಳುವುದಿಲ್ಲ. ನೀವು ಬಂದರೆ ವಾರ್ಡಿನಲ್ಲೂ ಇಂಥವರು ಸಿಗುತ್ತಾರೆ.

ಬನ್ನಿ ತಂಗಿ. ಬಿ2 ಓದುವುದನ್ನು ಈಗಲೇ ಶುರು ಮಾಡಿ. ನನ್ನ ಹಳೆಯ ಪುಸ್ತಕಗಳಿವೆ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತೇನೆ.